ಅತಿಥಿ ಮಾಡಿದ ಅಡಿಗೆ

ಅತಿಥಿಯೆಂದರೆ ತಿಥಿಯಿಲ್ಲದೆ ಬರುವವನು ಎಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ವ್ಯುತ್ಪತ್ತಿ ಸರಿಯೋ ತಪ್ಪೋ ಪಂಡಿತರು ನೋಡಿಕೊಳ್ಳಲಿ; ಹೊತ್ತಲ್ಲದ ಹೊತ್ತಿನಲ್ಲಿ, ಒಲೆ ಆರಿದ ಮೇಲೆ ಬಂದು ಕಟ್ಟೆಯ ಮೇಲೆ ಕೂಡುವ ಬೀಗರನ್ನು ಕಂಡು ಬೆಳೆದ ನನಗಂತೂ ಅದರಲ್ಲಿ ಸಂಶಯ ಹುಟ್ಟಲಿಲ್ಲ. ಅತಿಥಿಯ ಕೆಲಸ ಉಣ್ಣುವುದು. ಮನೆಯವರ ಕೆಲಸ ಮತ್ತೆ ಒಲೆ ಹೊತ್ತಿಸುವುದು. ಈ ವ್ಯವಸ್ಥೆ ತಲೆಕೆಳಗಾದದ್ದನ್ನು ಎಪ್ಪತ್ತು ದಾಟಿದ ಮೇಲೆ, ಇದೇ ಕಲಬುರಗಿಯಲ್ಲಿ, ಕಣ್ಣಾರೆ ನೋಡುವ ಯೋಗ ನನಗಿತ್ತು. ತಿಥಿ ಗೊತ್ತಾಗಿತ್ತು, ವೇಳೆ ಗೊತ್ತಾಗಿತ್ತು, ತಲೆಗೆ ಇಷ್ಟು ಎಂದು ದರವೂ ಗೊತ್ತಾಗಿತ್ತು. ಅಡಿಗೆ ಮಾಡುವವಳೇ ಅತಿಥಿ. ಆ ಅತಿಥಿ ನನ್ನ ಒಡಹುಟ್ಟಿದ ತಂಗಿ.

ಇದೆಲ್ಲ ನನ್ನ ಮಗಳ ಮಗನ ಕರಾಮತ್ತು. ಬೆಂಗಳೂರಿಗೆ ಹೋಗಿ ಹೋಟೆಲು ನಡೆಸುವ ವಿದ್ಯೆ ಓದಿ, ಅಲ್ಲಿಯ ದೊಡ್ಡ ಹೋಟೆಲೊಂದರಲ್ಲಿ ಎರಡು ವರ್ಷ ಉಳ್ಳಾಗಡ್ಡಿ ಹೆಚ್ಚಿ, ಸಾಕೆನಿಸಿ ಊರಿಗೆ ಮರಳಿದ ಹುಡುಗ. ಒಂದು ದಿನ ಬೆಳಗಿನ ಚಹದ ಹೊತ್ತಿಗೆ ಬಂದು, “ಮುತ್ಯಾ, ಪಾಪ್-ಅಪ್ ಮಾಡ್ಲತ್ತೀವಿ” ಎಂದ.

“ಅಂದ್ರ ಏನೋ?”

“ಒಂದೇ ರಾತ್ರಿ ಇರೂ ಹೋಟೆಲ್. ಮರುದಿನ ಇರಂಗಿಲ್ಲ.”

“ಹಂಗಂದ್ರ ಜಾತ್ರಿ ಖಾನಾವಳಿ ಅನ್ನು.”

ಅವನಿಗೆ ಈ ಹೋಲಿಕೆ ಹಿಡಿಸಲಿಲ್ಲ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ತೇರು ಎಳೆಯುವ ದಿನಗಳಲ್ಲಿ ನಿನ್ನೆ ಬಯಲಾಗಿದ್ದ ಜಾಗದಲ್ಲಿ ಇಂದು ತಾಡಪತ್ರೆಯ ನೆರಳು, ಎರಡು ಬೆಂಚು, ಕುದಿಯುವ ಎಣ್ಣೆಯ ಬುಟ್ಟಿ. ವಾರ ಕಳೆದರೆ ಬರೀ ಬೂದಿ. ಬಂದೇನವಾಜರ ಉರುಸಿನಲ್ಲಿ ದರ್ಗಾದ ದಾರಿಯುದ್ದಕ್ಕೂ ಹಾಗೆಯೇ. ಏಳುವುದು, ಉಣಿಸುವುದು, ಮಾಯವಾಗುವುದು ನಮಗೆ ಹೊಸದಲ್ಲ. ಹೊಸದೇನೆಂದರೆ, ಅದಕ್ಕೆ ಮುಂಚಿತವಾಗಿ ಚೀಟಿ ಕೊಳ್ಳಬೇಕಾದದ್ದು ಮತ್ತು ಮರುದಿನ ಇರುವುದಿಲ್ಲವೆಂಬ ಕಾರಣಕ್ಕೇ ಅದಕ್ಕೆ ಬೆಲೆ ಏರುವುದು.

ಹುಡುಗ ನನ್ನ ಅಜ್ಞಾನಕ್ಕೆ ಮರುಗಿ ವಿದ್ಯಾಭ್ಯಾಸ ಮಾಡಿಸಿದ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಲೂಡೊ ಲೆಫೆಬ್ರ್ ಎಂಬ ಫ್ರೆಂಚ್ ಬಾಣಸಿಗ 2007ರಲ್ಲಿ ತನ್ನದೆಂಬ ಹೋಟೆಲಿಲ್ಲದೆ, ಕಂಡವರ ಅಂಗಡಿಯಲ್ಲಿ ಸಂಜೆಯ ಹೊತ್ತು ಅಡಿಗೆ ಹೂಡಿ ಹೆಸರು ಮಾಡಿದನಂತೆ. ಕೋಪನ್‌ಹೇಗನ್ನಿನ ನೋಮಾ ಎಂಬ ಜಗತ್ಪ್ರಸಿದ್ಧ ಭೋಜನಗೃಹವು ಗಂಟುಮೂಟೆ ಕಟ್ಟಿಕೊಂಡು 2015ರಲ್ಲಿ ಟೋಕಿಯೊ, 2016ರಲ್ಲಿ ಸಿಡ್ನಿ, 2017ರಲ್ಲಿ ಮೆಕ್ಸಿಕೊದ ತುಲೂಮ್ ಎಂದು ಊರೂರಿಗೆ ಹೋಗಿ ಕೆಲವು ವಾರ ಬಿಡಾರ ಹೂಡಿತಂತೆ. ಟೋಕಿಯೊದಲ್ಲಿ ಹಸಿ ಸೀಗಡಿಯ ಮೇಲೆ ಇರುವೆಗಳನ್ನಿಟ್ಟು ಬಡಿಸಿದರಂತೆ. ನಮ್ಮ ಮನೆಯ ಸಕ್ಕರೆ ಡಬ್ಬಿಯ ವಿಷಯ ಅವನಿಗೆ ನೆನಪಿಸಿದೆ, ಅವನು ನಗಲಿಲ್ಲ.

ಆದರೆ ತುಲೂಮಿನ ಸಂಗತಿಯೊಂದು ನನ್ನ ಮನಸ್ಸಿನಲ್ಲಿ ಉಳಿಯಿತು. ಅಲ್ಲಿ ಒಬ್ಬರ ಊಟಕ್ಕೆ ಆರುನೂರು ಡಾಲರು. ಆ ಊಟದ ಪಂಕ್ತಿಗೆ ಮೆಕ್ಕೆಜೋಳದ ರೊಟ್ಟಿ ತಟ್ಟಲು ಯಶುನಾ ಎಂಬ ಹಳ್ಳಿಯಿಂದ ಮಾಯಾ ಜನಾಂಗದ ಹೆಂಗಸರು ಬಂದಿದ್ದರಂತೆ. ಉಣ್ಣುವವರ ಕಣ್ಣೆದುರಿಗೇ ಕೂತು, ಅಂಗೈಯಲ್ಲಿ ತಟ್ಟಿ, ಹಂಚಿನ ಮೇಲೆ ಹಾಕಿ, ಉಬ್ಬಿದ್ದನ್ನು ತೆಗೆದುಕೊಡುವುದು. ಹುಡುಗ ತನ್ನ ಫೋನಿನಲ್ಲಿ ಚಿತ್ರ ತೋರಿಸಿದ. ಬಿಳಿಯ ಅಂಗಿಯ ಮೇಲೆ ಹೂವಿನ ಕಸೂತಿ ಹಾಕಿದ ನಡುವಯಸ್ಸಿನ ಹೆಂಗಸರು. ಕೈಯ ಭಂಗಿ ನೋಡಿದರೆ ಕಮಲಾಪುರದವರೇ ಅನ್ನಬೇಕು.

“ಅದಕ್ಕೇ ಮುತ್ಯಾ, ನಾವು ಬೆಂಗಳೂರಿನ ಶೆಫ್‌ನ ಕರಸೂದು ಬ್ಯಾಡ ಅಂತ ಮಾಡೀವಿ. ಕಮಲಾಪುರ ಆಯಿನ್ನೇ ಕರಸೋಣು” ಎಂದ.

*

ಕಮಲಾಪುರ ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ ಮೂವತ್ತೈದು ನಲವತ್ತು ಕಿಲೋಮೀಟರು. ಮಹಾಗಾಂವ ಕ್ರಾಸು ದಾಟುವ ತನಕ ಎರಡೂ ಬದಿಗೆ ಎರೆಹೊಲ, ತೊಗರಿ, ಜೋಳ. ಆಮೇಲೆ ನೆಲ ಬಣ್ಣ ಬದಲಾಯಿಸತೊಡಗುತ್ತದೆ. ಊರಿನ ಸುತ್ತಿನ ಕೆಮ್ಮಣ್ಣಿನಲ್ಲಿ ಬೆಳೆಯುವ ಕೆಂಪು ಬಾಳೆ ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಈಗ ಅದಕ್ಕೆ ಭೌಗೋಳಿಕ ಸೂಚಕವೆಂಬ ಸರಕಾರಿ ಮುದ್ರೆಯೂ ಬಿದ್ದಿದೆ. ಹೊರಗೆ ಕೆಂಪು ಸಿಪ್ಪೆ, ಒಳಗೆ ಕೆನೆಯಂಥ ತಿರುಳು. ನೆಟ್ಟು ಗೊನೆ ಇಳಿಸಲು ಒಂದೂವರೆ ವರ್ಷ ಕಾಯಬೇಕು. ಅಷ್ಟು ದಿನ ನೀರು ಹಾಯಿಸುವ ತಾಕತ್ತಿದ್ದವನು ಮಾತ್ರ ಅದನ್ನು ಬೆಳೆಯುತ್ತಾನೆ. ನಾವು ಹುಡುಗರಾಗಿದ್ದಾಗ ಆ ಹಣ್ಣನ್ನು ನೋಡುತ್ತಿದ್ದುದೇ ಹೆಚ್ಚು. ಈಗ ತಂಗಿಯ ಮಗ ಒಂದೆಕರೆ ಹಾಕಿದ್ದಾನೆ.

ನಾವು ಹೋದಾಗ ಆಕೆ ಹಿತ್ತಲಲ್ಲಿ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. ಗಂಡ ತೀರಿ ಹದಿನಾಲ್ಕು ವರ್ಷ; ಮೊಣಕಾಲು ನೋವು; ಆದರೂ ರೊಟ್ಟಿಯ ಕೆಲಸವನ್ನು ಸೊಸೆಗೆ ಪೂರ್ತಿ ಬಿಟ್ಟುಕೊಟ್ಟಿಲ್ಲ. ಮೊಮ್ಮಗ ತನ್ನ ಯೋಜನೆಯನ್ನೆಲ್ಲ ಬಿಚ್ಚಿ ಹೇಳಿದ. ಮೂವತ್ತು ಜನ, ಬ್ರಹ್ಮಪುರದಲ್ಲಿ ಗೆಳೆಯನೊಬ್ಬನ ಅಂಗಳವಿರುವ ಹಳೆಯ ಮನೆ, ಏಳು ಸುತ್ತಿನ ಊಟ, ಒಂದೊಂದು ಸುತ್ತಿಗೂ ಒಂದೊಂದು ಸಣ್ಣ ತಟ್ಟೆ. ಮೊದಲ ತಟ್ಟೆಯಲ್ಲಿ ರೊಟ್ಟಿಯನ್ನು ತ್ರಿಕೋನವಾಗಿ ಕತ್ತರಿಸಿ, ಮೇಲೆ ಶೇಂಗಾ ಹಿಂಡಿಯ ಒಂದು ಚುಕ್ಕೆ.

ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ರೊಟ್ಟಿಗಿ ಚಾಕು ಹಚ್ತಿ ಏನೋ? ಮುರೀಬೇಕು, ಕತ್ತರಿಸಬಾರದು.”

ಆ ತ್ರಿಕೋನ ಅಲ್ಲಿಗೆ ಸತ್ತಿತು. ಮುಂದೆ ಒಂದು ತಾಸು ಆ ಏಳು ಸುತ್ತುಗಳು ಒಂದೊಂದಾಗಿ ಉರುಳಿದವು. ಜೋಳ ತನ್ನ ಮನೆಯದೇ ಆಗಬೇಕು, ಅದೂ ಅದೇ ದಿನ ಬೆಳಿಗ್ಗೆ ಬೀಸಿದ್ದಾಗಬೇಕು; ಹಳಸಿದ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಗ್ಯಾಸಿನ ಒಲೆ ಬೇಡ. ತೊಗರಿ ಕಟ್ಟಿಗೆ ಬೇಕು, ಕೆಂಡ ಬೇಕು. ಒಂದೇ ಗಂಗಾಳದಲ್ಲಿ ಎಲ್ಲವೂ ಬರಬೇಕು. ಕೇಳಿ ಕೇಳಿ ಬಡಿಸಬೇಕು. ಹುಡುಗ ಒಂದೊಂದಕ್ಕೂ ಬೆವರುತ್ತಾ ಒಪ್ಪಿದ. ಕೊನೆಯದೊಂದಕ್ಕೆ ಮಾತ್ರ ಅವನ ಮುಖ ಬಾಡಿತು. ಉಣ್ಣುವ ಹೊತ್ತಿನಲ್ಲಿ ಬಾಗಿಲಿಗೆ ಯಾರೇ ಬಂದರೂ, ಚೀಟಿ ಇರಲಿ ಬಿಡಲಿ, ಊಟ ಹಾಕಬೇಕು.

“ಹಂಗ ಮಾಡಿದ್ರ ಲೆಕ್ಕಾ ಹತ್ತಂಗಿಲ್ಲ ಆಯಿ.”

“ಶರಣಪ್ಪ ಲೆಕ್ಕಾ ಹಾಕಿದ್ನೇನು?”

ನಮ್ಮ ಕಡೆ ಈ ವಾದಕ್ಕೆ ಪ್ರತಿವಾದವಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಿಗೆಯಲ್ಲಿ ಹುಟ್ಟಿ ಕಲಬುರಗಿಗೆ ಬಂದು ನೆಲೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರನ್ನು ಜನ ನೆನೆಯುವುದೇ ದಾಸೋಹಕ್ಕೆ. ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟು, ತಿಂದ ಮೇಲೆ ಕುಡಿಯಲು ನೀರನ್ನೂ ಇಟ್ಟರೆಂಬ ಕಥೆ ಇಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಹುಡುಗ ಸುಮ್ಮನಾದ.

ಆಮೇಲೆ ಆಕೆ ಸಹಜವಾಗಿ ಕೇಳಿದಳು: “ಒಬ್ಬೊಬ್ಬರ ಹತ್ರ ಎಷ್ಟು ತಗೋತೀರಿ?”

“ಹದಿನೈದು ನೂರು.”

ಆಕೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ನಿಮ್ಮ ಮುತ್ಯಾನ್ನ ಕೇಳು. ನಾ ರೊಕ್ಕಾ ತಗೊಂಡು ಉಣಿಸಿದ್ರ ಅವಗ ನಡೀತದೇನು?”

ನಾನು “ನನಗೇನು ಆಗಬೇಕು” ಎಂಬರ್ಥದ ಏನನ್ನೋ ಗೊಣಗಿ, ಬಾಳೆತೋಟ ನೋಡುವ ನೆಪದಿಂದ ಎದ್ದುಹೋದೆ.

*

ಇಲ್ಲಿ ವಾಚಕರಿಗೆ ಒಂದು ಸಂಗತಿ ಹೇಳಬೇಕು. ಹೇಳದೆ ಮುಂದೆ ಹೋಗುವಂತಿಲ್ಲ. ಇಷ್ಟು ವರ್ಷ ಹೇಳದೆಯೇ ಬಂದದ್ದಾಯಿತು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ರಾಜ್ಯೋತ್ಸವ, ಸಮ್ಮೇಳನ, ಗಣಪತಿಯ ಪೆಂಡಾಲು ಎಂದು ಕರೆದಲ್ಲಿಗೆ ಹೋಗಿ ಮಾತಾಡಿದವನು. ನನ್ನ ಮಾತಿನಲ್ಲಿ ಒಂದು ಭಾಗ ಕಾಯಂ ಇರುತ್ತಿತ್ತು: ಅನ್ನ ಮಾರದ ನಾಡು ನಮ್ಮದು, ನಮ್ಮ ತಾಯಿ ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕಿದಳು, ಒಂದು ಪೈ ಮುಟ್ಟಲಿಲ್ಲ, ಇತ್ಯಾದಿ. ಚಪ್ಪಾಳೆ ಬೀಳುವ ಜಾಗ ಅದು. ಲೇಖನಗಳಲ್ಲಿಯೂ ಎರಡು ಮೂರು ಸಲ ಬರೆದಿದ್ದೇನೆ. ಮೊದಲರ್ಧ ನಿಜ.

1972ರ ಬರವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅದಕ್ಕೆ ಹಿಂದಿನ ವರ್ಷವೇ ಮಳೆ ಕೈಕೊಟ್ಟಿತ್ತು. ಆ ವರ್ಷವಂತೂ ಹೊಲದಲ್ಲಿ ಬಿತ್ತಿದ್ದು ಮೇಲೇಳಲಿಲ್ಲ. ನಮ್ಮದು ನೀರಿಲ್ಲದ ಆರೆಕರೆ. ನಾನು ಗುಲ್ಬರ್ಗದಲ್ಲಿ—ಆಗ ಹಾಗೆಯೇ ಕರೆಯುತ್ತಿದ್ದೆವು, ಸರಕಾರದ ಕಾಗದದಲ್ಲಿ ಕಲಬುರಗಿಯಾದದ್ದು 2014ರಲ್ಲಿ—ಮೂವರು ಗೆಳೆಯರೊಡನೆ ಕೋಣೆ ಹಿಡಿದು ಕಾಲೇಜು ಓದುತ್ತಿದ್ದೆ. ನಮ್ಮ ಊಟ ಬಸ್ಸಿನಲ್ಲಿ ಬರುತ್ತಿತ್ತು. ಊರಿನಲ್ಲಿ ಅವ್ವ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ಮೇಲೊಂದು ಹಿಂಡಿಯ ಗಂಟಿಟ್ಟು ಬಸ್ಸಿನವನ ಕೈಗೆ ಕೊಡುವುದು, ನಾವು ನಿಲ್ದಾಣಕ್ಕೆ ಹೋಗಿ ಬುತ್ತಿ ಇಳಿಸಿಕೊಳ್ಳುವುದು. ಈ ಜಿಲ್ಲೆಯಲ್ಲಿ ಓದಿದ ನನ್ನ ಕಾಲದವರೆಲ್ಲ ಈ ಬಸ್ಸುಗಳ ಬುತ್ತಿ ತಿಂದು ಪಾಸಾದವರೇ. ಬುತ್ತಿ ಬರುತ್ತಲೇ ಇತ್ತು. ರೇಶನ್ನಿನ ಕೆಂಪು ಜೋಳದ ರೊಟ್ಟಿ, ಮುರಿದರೆ ಪುಡಿಯಾಗುತ್ತಿತ್ತು. ಫೀಜಿನ ರೊಕ್ಕವೂ ಹೇಗೋ ಬರುತ್ತಿತ್ತು. ಹೇಗೆಂದು ನಾನು ಕೇಳಲಿಲ್ಲ.

ಕೇಳದಿದ್ದರೂ ತಿಳಿಯುವ ದಿನ ಬಂತು. ನಾಲ್ವರೂ ಬಸವಕಲ್ಯಾಣ ನೋಡಲು ಹೊರಟಿದ್ದೆವು. ಬಸ್ಸು ಕಮಲಾಪುರದಲ್ಲಿ ಊಟಕ್ಕೆ ನಿಂತಿತು. ಗೆಳೆಯರು, “ನಿಮ್ಮ ಊರಲ್ಲೇನೋ, ಮನಿಗಿ ಹೋಗೂಣು” ಎಂದರು. ಮನೆಯಲ್ಲಿ ಮೂವರಿಗೆ ಹಾಕಲು ಏನಿದ್ದೀತೆಂದು ನನಗೆ ಗೊತ್ತು. “ಹೊತ್ತಿಲ್ಲ, ಬಸ್ಸು ಹೋಗ್ತದ” ಎಂದು ರಸ್ತೆಯ ಬದಿಯ ಖಾನಾವಳಿಗೆ ಕರೆದುಕೊಂಡು ಹೋದೆ. ರೊಟ್ಟಿ ಬಂತು. ಒಂದು ತುತ್ತು ಮುರಿದೆ. ಅಂಚಿನಲ್ಲಿ ಹೆಬ್ಬೆರಳು ಒತ್ತಿದ ಸಣ್ಣ ತಗ್ಗು. ಹಂಚಿನಿಂದ ಎತ್ತುವಾಗ ಅವ್ವ ಮಾಡುತ್ತಿದ್ದ ಗುರುತು ಅದು. ಬೇರೆ ಯಾರ ರೊಟ್ಟಿಯಲ್ಲೂ ನಾನದನ್ನು ಕಂಡಿಲ್ಲ. ಗೆಳೆಯನೊಬ್ಬ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಎಷ್ಟು ತೆಳುವಾಗ್ಯಾವಲ್ರೀ, ಯಾರು ಮಾಡ್ತಾರ?” ಎಂದು ಕೇಳಿದ. ಗಲ್ಲೆಯ ಮೇಲಿನವನು, “ಒಬ್ಬಾಕಿ ಬಡವಿ ತಂದು ಕೊಡ್ತಾಳ್ರೀ, ರೂಪಾಯಿಗಿ ಹತ್ತು” ಎಂದ.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನನ್ನ ತಂಗಿ ಬಂದಳು. ಹದಿಮೂರು ವರ್ಷ; ಮಾಸಿದ ಲಂಗ; ಸೊಂಟದ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಅದು ಶಾಲೆಯ ಹೊತ್ತು. ಆಕೆ ಶಾಲೆ ಬಿಟ್ಟಿದ್ದಾಳೆಂದು ನನಗೆ ತಿಳಿದದ್ದೂ ಆಗಲೇ. ಬುಟ್ಟಿ ಇಳಿಸಿ ತಲೆಯೆತ್ತಿದವಳು ನನ್ನನ್ನು ಕಂಡಳು. ಬಾಯಿ ತೆರೆದದ್ದನ್ನೂ ನಾನು ನೋಡಿದೆ. ನೋಡಿ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದೆ. ಅದರಲ್ಲಿ ಯಾವ ದೇವರ ಚಿತ್ರವಿತ್ತೆಂಬುದು ಇಂದು ನೆನಪಿಲ್ಲ. ಆ ತಿಂಗಳ ತಾರೀಖುಗಳನ್ನೆಲ್ಲ ಒಂದರಿಂದ ಕೊನೆಯವರೆಗೆ ಓದಿದ್ದು ನೆನಪಿದೆ. ಮತ್ತೆ ತಿರುಗಿದಾಗ ಆಕೆ ಇರಲಿಲ್ಲ.

ಈ ಮಾತು ನಮ್ಮಿಬ್ಬರ ನಡುವೆ ಐವತ್ತು ವರ್ಷ ಬಂದಿಲ್ಲ. ಆಕೆಯ ಮದುವೆಯಲ್ಲಿ ಓಡಾಡಿದೆ, ಆಕೆಯ ಮಗನನ್ನು ಓದಿಸಿದೆ, ಪಂಚಮಿಗೆ ಸೀರೆ ಕೊಟ್ಟೆ. ಅವೆಲ್ಲ ಮಾಡತಕ್ಕದ್ದೇ.

*

ಆ ರಾತ್ರಿಯ ಕಥೆಗೆ ಬರುತ್ತೇನೆ.

ಬೆಳಿಗ್ಗೆ ಹತ್ತಕ್ಕೇ ಬಾಡಿಗೆ ಟೆಂಪೊದಲ್ಲಿ ಸವಾರಿ ಬಂತು: ತಂಗಿ, ಸಹಾಯಕ್ಕೆ ಊರಿನ ಇಬ್ಬರು ಹೆಂಗಸರು, ಮರದ ಕೊಣಮಿಗೆ, ಎರಡು ಹಂಚು, ತೊಗರಿ ಕಟ್ಟಿಗೆಯ ಹೊರೆ, ಬಿಸಿ ಆರದ ಹಿಟ್ಟಿನ ಚೀಲ, ಕೆಂಪು ಬಾಳೆಯ ಎರಡು ಗೊನೆ. ಹಿತ್ತಲಲ್ಲಿ ಇಟ್ಟಿಗೆಯ ಒಲೆ ಹೂಡಿದರು. ಹುಡುಗ ಎಲ್ಲರಿಗೂ ಬಿಳಿಯ ಟೋಪಿ ತಂದಿದ್ದ. ಹೆಂಗಸರು ಅದನ್ನು ನೋಡಿ ನಕ್ಕ ನಗು ಓಣಿಗೆಲ್ಲ ಕೇಳಿಸಿತು. ಟೋಪಿಗಳು ಕೊನೆಗೆ ಉಳ್ಳಾಗಡ್ಡಿ ಇಡಲು ಉಪಯೋಗವಾದವು.

ಸಂಜೆ ಏಳಕ್ಕೆ ಜನ ಬರತೊಡಗಿದರು. ಡಾಕ್ಟರರು, ಇಂಜಿನಿಯರರು, ಬೀದರಿನಿಂದ ಬಂದ ಗಂಡಹೆಂಡತಿ, ರಜೆಗೆ ಊರಿಗೆ ಬಂದಿದ್ದ ಬೆಂಗಳೂರಿನ ನೌಕರಿಯ ಹುಡುಗ ಹುಡುಗಿಯರು. ಇವರಲ್ಲಿ ಬಹುಪಾಲು ಜನರ ಮನೆಯಲ್ಲಿ ದಿನವೂ ಜೋಳದ ರೊಟ್ಟಿಯೇ. ದಿನವೂ ತಿನ್ನುವುದನ್ನು ತಿನ್ನಲು ಹದಿನೈದುನೂರು ರೂಪಾಯಿ ಕೊಟ್ಟು ಬರುವುದು ನನಗೆ ಮೊದಲು ಹುಚ್ಚಾಟವೆನಿಸಿತು. ಆಮೇಲೆ ಯೋಚಿಸಿದೆ: ದಿನವೂ ತಿನ್ನುವ ರೊಟ್ಟಿ ಅಂಗಡಿಯ ಹಿಟ್ಟಿನದು, ಅಥವಾ ಮಾಡಿದ್ದನ್ನೇ ಕೊಂಡು ತಂದದ್ದು. ಈಗ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದಲೇ ರೊಟ್ಟಿ ಮಾರುತ್ತವೆ. 2025ರ ಜೂನ್ ತಿಂಗಳಿನಲ್ಲಿ ಪ್ರಧಾನಮಂತ್ರಿಗಳು ರೇಡಿಯೋದಲ್ಲಿ ಆ ಹೆಂಗಸರನ್ನು ಹೊಗಳಿದರು. ಆ ಭಾಷಣ ಕೇಳಿದ ದಿನ ನಾನು ರೇಡಿಯೋ ಆರಿಸಿ ಬಹಳ ಹೊತ್ತು ಕೂತಿದ್ದೆ. ಹಿಂದಿನ ಬಾಗಿಲಿನಿಂದ ಬರುತ್ತಿದ್ದ ಬುಟ್ಟಿಗೆ ಮುಂದಿನ ಬಾಗಿಲು ತೆರೆಯಲು ಅಷ್ಟು ವರ್ಷ ಬೇಕಾಯಿತಲ್ಲ ಎಂದು.

ಅಂಗಳದಲ್ಲಿ ಚಾಪೆ, ಮುಂದೆ ಮಣೆ, ಮಣೆಯ ಮೇಲೆ ಗಂಗಾಳ. ಅಡಿಗೆಯನ್ನು ಮರೆಮಾಡಲು ಹುಡುಗ ಹಿತ್ತಲ ಬಾಗಿಲಿಗೆ ಪರದೆ ಕಟ್ಟಿದ್ದ. ಆದರೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಪರದೆ ಎಲ್ಲಿಯದು? ಕೊಣಮಿಗೆಯ ಮೇಲೆ ಅಂಗೈ ಬೀಳುವ ಆ ಒಂದೇ ಸಮನಾದ ತಾಳ ಕೇಳಿದೊಡನೆ ಮಾತಾಡುತ್ತಿದ್ದವರೆಲ್ಲ ತಾವಾಗಿಯೇ ದನಿ ತಗ್ಗಿಸಿದರು. ಕುದಿಯುವ ಎಸರನ್ನು ಹಿಟ್ಟಿನ ನಡುವಿನ ಕುಣಿಗೆ ಹೊಯ್ದು, ಕೈ ಸುಡುವಾಗಲೇ ನಾದಿ, ಉಂಡೆ ಹಿಡಿದು ಬಡಿಯುವುದು. ಅಂಗೈಯಗಲದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಗಾಳದಗಲವಾಗುತ್ತದೆ. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಬದಿಗೆ ಆನಿಸಿದರೆ ಅದು ಉಸಿರು ತುಂಬಿಕೊಂಡಂತೆ ಉಬ್ಬುತ್ತದೆ. ಹುಡುಗನೇ ಕೊನೆಗೆ ಪರದೆ ಸರಿಸಿಬಿಟ್ಟ. ಅವನಿಗೆ ಬುದ್ಧಿ ಇಲ್ಲದಿಲ್ಲ.

ಊಟದ ವಿವರ ಹೇಳಿ ವಾಚಕರ ಹೊಟ್ಟೆ ಉರಿಸುವುದಿಲ್ಲ. ಆದರೂ ಒಂದೆರಡು ಹೇಳದಿರಲಾರೆ. ಜೋಳದ ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ, ಎಣ್ಣೆಗಾಯಿ, ಜುಣಕ, ನಮ್ಮ ತೊಗರಿಯ ಬೇಳೆ—ಅದಕ್ಕೂ 2019ರಲ್ಲಿ ಸರಕಾರಿ ಮುದ್ರೆ ಬಿದ್ದಿದೆ, ಬೀಳದಿದ್ದರೂ ಅದು ಹಾಗೆಯೇ ಬೇಯುತ್ತಿತ್ತು—ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪುಖಾರ, ಗಟ್ಟಿ ಮೊಸರು. ಕೊನೆಯಲ್ಲಿ ಹೂರಣದ ಹೋಳಿಗೆಯ ಜೊತೆ ಕೆಂಪು ಬಾಳೆಯ ಸೀಕರಣೆ. ಹುಡುಗನ ಕೈವಾಡವೆಂದು ಉಳಿದದ್ದು ಈ ಸೀಕರಣೆಗೆ ಉದುರಿಸಿದ ಹುರಿದ ಎಳ್ಳು ಮಾತ್ರ. ಚೆನ್ನಾಗಿತ್ತು.

ಎಂಟೂವರೆಯ ಹೊತ್ತಿಗೆ ಚೀಟಿಯಿಲ್ಲದವರು ಬರತೊಡಗಿದರು. ಟೆಂಪೊದವನು ಇದ್ದೇ ಇದ್ದ. ಮಗ್ಗುಲ ಮನೆಯ ಮುದುಕಿ ಹೊಗೆಯ ವಾಸನೆ ಹಿಡಿದು ಬಂದಳು. ಹಾಲಿನ ಹುಡುಗ, ವಿದ್ಯುತ್ ದೀಪ ಕಟ್ಟಿದವನು, ಅವನ ತಮ್ಮ. ಎಲ್ಲರನ್ನೂ ಅದೇ ಚಾಪೆಯ ಮೇಲೆ ಕೂರಿಸಿದರು. ಹದಿನೈದುನೂರು ಕೊಟ್ಟವರಲ್ಲಿ ಒಬ್ಬಿಬ್ಬರು ಕಣ್ಣು ಕಿರಿದು ಮಾಡಿದ್ದನ್ನು ನಾನು ಗಮನಿಸದೆ ಇರಲಿಲ್ಲ. ಉಳಿದವರು ಸರಿದು ಜಾಗ ಕೊಟ್ಟರು. ಆಕೆ ಮೊದಲೇ ಹೆಚ್ಚಿನ ಹಿಟ್ಟು ತಂದಿದ್ದಳು. ಯಾರಿಗೂ ಕಡಿಮೆಯಾಗಲಿಲ್ಲ.

ಊಟ ಮುಗಿದಾಗ ಎಲ್ಲರೂ ಆಕೆಯನ್ನು ಹೊರಗೆ ಕರೆದರು. ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಬ್ಬ ಹುಡುಗಿ ಕೇಳಿದಳು: “ಆಯಿ, ಇಷ್ಟು ಛಂದ ರೊಟ್ಟಿ ಮಾಡೂದು ಯಾರು ಕಲಿಸಿದ್ರು?”

“ನಮ್ಮವ್ವ ಕಲಿಸಿದ್ಳು. ಬರಗಾಲದಾಗ ಮಾರ್ಲಾಕ ಮಾಡ್ತಿದ್ವಿ. ಖಾನಾವಳಿಗಿ ಒಯ್ದು ಕೊಡೂದು ನನ್ನ ಪಾಳಿ.” ಆಮೇಲೆ ಗದ್ದದಿಂದ ನನ್ನ ಕಡೆ ತೋರಿಸಿ, “ಅಣ್ಣನ್ನ ಓದಿಸಬೇಕಾಗಿತ್ತಲ್ಲ” ಎಂದಳು.

ದನಿಯಲ್ಲಿ ಏನೂ ಇರಲಿಲ್ಲ. ಹೊಲ ಎಷ್ಟೆಕರೆ ಎಂದು ಕೇಳಿದರೆ ಹೇಳುವಂತೆ ಹೇಳಿದಳು. ಮೂವತ್ತು ಮುಖಗಳು ನನ್ನ ಕಡೆ ತಿರುಗಿದವು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರಿದ್ದರು. ‘ಒಂದು ಪೈ ಮುಟ್ಟಲಿಲ್ಲ’ ಎಂಬ ನನ್ನ ಮಾತಿಗೆ ಚಪ್ಪಾಳೆ ತಟ್ಟಿದವರು. ಅವರು ಈಗಲೂ ಚಪ್ಪಾಳೆ ತಟ್ಟಿದರು, ಇನ್ನೂ ಜೋರಾಗಿ. ಬಡತನದಿಂದ ಮೇಲೆ ಬಂದವನೆಂದು ನನ್ನನ್ನು ಮೆಚ್ಚಿಕೊಂಡರು. ನಾನು ಈ ಸಲ ನೋಡಲು ಆ ಗೋಡೆಯ ಮೇಲೆ ಕ್ಯಾಲೆಂಡರಿರಲಿಲ್ಲ.

*

ಎಲ್ಲರೂ ಹೋಗುವಾಗ ಹನ್ನೊಂದು. ಆಕೆ ಬೆಳಗಿನಿಂದ ಉಂಡಿರಲಿಲ್ಲ. ನಾನೂ ಅತಿಥಿಗಳನ್ನು ನೋಡಿಕೊಳ್ಳುವ ನೆಪದಿಂದ ಕೂತಿರಲಿಲ್ಲ. ಹಿತ್ತಲಲ್ಲಿ ಒಲೆಯ ಮುಂದೆ ಇಬ್ಬರಿಗೂ ಗಂಗಾಳ ಹಾಕಿದಳು. ಕೊನೆಯ ಉಂಡೆಗಳನ್ನು ಬಡಿದು ನನಗೆ ಬಿಸಿಬಿಸಿ ಹಾಕುತ್ತಿದ್ದಳು. ಎತ್ತುವಾಗ ಅಂಚಿಗೆ ಹೆಬ್ಬೆರಳು ಒತ್ತುತ್ತದೆ. ಅವ್ವನದೇ ಗುರುತು, ಇಷ್ಟು ವರ್ಷ ಆಕೆಯ ಮನೆಯಲ್ಲಿ ಉಂಡೂ ನಾನು ಅದನ್ನು ನೋಡಿರಲಿಲ್ಲ.

“ಅವತ್ತು ಖಾನಾವಳ್ಯಾಗ…” ಎಂದೆ. ಮುಂದೆ ಮಾತು ಹೊರಡಲಿಲ್ಲ. ನಲವತ್ತು ವರ್ಷ ಮಾತಾಡುವುದನ್ನೇ ಕಸುಬಾಗಿ ಮಾಡಿಕೊಂಡವನು.

ಆಕೆ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. “ನಾಕು ತಿಂದಿದ್ದಿ.”

“ಏನು?”

“ನಾಕು ರೊಟ್ಟಿ. ನಾ ಬಾಗಿಲ ಸಂದ್ಯಾಗ ನಿಂತು ನೋಡಿದೆ. ಮನಿಗಿ ಹೋಗಿ ಅವ್ವಗ ಹೇಳಿದೆ, ಅಣ್ಣ ಬಂದಿದ್ದ, ಹೊಟ್ಟಿ ತುಂಬ ಉಂಡು ಹೋದ ಅಂತ. ಕೆಂಪು ಜೋಳದ ರೊಟ್ಟಿ ಗಂಟಲಾಗ ಇಳೀತಾವೋ ಇಲ್ಲೋ ಅಂತ ಅಕಿಗಿ ದಿನಾ ಚಿಂತಿ ಇತ್ತು. ಅವು ಖಾನಾವಳಿಯವ ಕೊಟ್ಟ ಬಿಳಿ ಜೋಳದವು.”

ಅವ್ವ ಏನೆಂದಳೆಂದು ಕೇಳಿದೆ.

“ಏನಂತಾಳ? ಮನಿಗ್ಯಾಕ ಬರಲಿಲ್ಲ ಅಂದ್ಳು. ಬಸ್ಸು ಹೊಂಟಿತ್ತು ಅಂತ ಹೇಳಿದೆ.”

ಇನ್ನೊಂದು ರೊಟ್ಟಿ ಹಾಕಿದಳು. ನಾನು ಸಾಕೆನ್ನಲಿಲ್ಲ.

ಆಮೇಲೆ ಲೆಕ್ಕದ ಮಾತು. ಹುಡುಗ ಬಂದಿದ್ದರಲ್ಲಿ ಖರ್ಚು ಕಳೆದು ಅರ್ಧವನ್ನು ಒಂದು ಲಕೋಟೆಯಲ್ಲಿ ಹಾಕಿ ಆಕೆಯ ಮುಂದೆ ಹಿಡಿದ. ಆಕೆ ಎಷ್ಟು ರೊಟ್ಟಿ ಆದವೆಂದು ಸಹಾಯದ ಹೆಂಗಸರನ್ನು ಕೇಳಿದಳು. ನೂರಾ ತೊಂಬತ್ತಾರು. ಕಮಲಾಪುರದಲ್ಲಿ ಈಗಿನ ದರ ಒಂದಕ್ಕೆ ಹತ್ತು ರೂಪಾಯಿ. ಲಕೋಟೆಯಿಂದ ಹತ್ತೊಂಬತ್ತುನೂರಾ ಅರವತ್ತು ಎಣಿಸಿ ತೆಗೆದು, ಆ ಇಬ್ಬರ 'ದಿನದ ಕೂಲಿ ಬೇರೆ ತೆಗೆದು ಅವರ ಕೈಗೇ ಕೊಟ್ಟು, ಉಳಿದದ್ದನ್ನು ತಿರುಗಿ ಕೊಟ್ಟಳು. ಅವನು ಎಷ್ಟು ಹೇಳಿದರೂ ಕೇಳಲಿಲ್ಲ. “ರೊಟ್ಟಿ ಮಾರೀನಿ, ತಗೊಂಡೀನಿ. ಪಲ್ಯಾ, ಬ್ಯಾಳಿ, ಹೋಳಿಗಿ ಎಲ್ಲಾ ನಾ ಉಣಿಸಿದ್ದು. ಅದಕ್ಕ ರೊಕ್ಕಾ ಇಲ್ಲ” ಎಂದಳು. ಅವನು ನನ್ನ ಮುಖ ನೋಡಿದ. ನಾನು ಅವಳ ಲೆಕ್ಕ ಸರಿಯಿದೆ ಎಂದೆ.

ಆ ರಾತ್ರಿಯೇ ಹೊರಡುತ್ತೇನೆಂದು ಹಟ ಹಿಡಿದದ್ದರಿಂದ ನಾನೂ ಟೆಂಪೊದಲ್ಲಿ ಕೂತೆ. ಹಿಂದೆ ಹಂಚುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮಹಾಗಾಂವ ಕ್ರಾಸಿನವರೆಗೆ ಯಾರೂ ಮಾತಾಡಲಿಲ್ಲ. ಆಕೆಗೆ ನಿದ್ದೆ ಹತ್ತಿದೆಯೆಂದೇ ನಾನು ತಿಳಿದಿದ್ದೆ.

“ಪುಂಡಿಪಲ್ಯಾಕ ಉಪ್ಪು ಕಡಿಮಿ ಬಿದ್ದಿತ್ತು,” ಎಂದಳು. “ಅಷ್ಟು ಮಂದಿ ಉಂಡ್ರು, ಒಬ್ಬರರೇ ಹೇಳಲಿಲ್ಲ ನೋಡು.”

“ಕಡಿಮಿ ಬಿದ್ದಿತ್ತು ಖರೆ” ಎಂದೆ.

“ನಿನಗ ಗೊತ್ತಾಗಿತ್ತು?”

“ಮೊದಲ ತುತ್ತಿಗೇ.”

“ಮತ್ತ ಹೇಳಬೇಕಲ್ಲೋ ಅಣ್ಣಾ” ಎಂದು ಸೆರಗು ಹೊದ್ದು ಕಿಟಕಿಗೆ ತಲೆಯಾನಿಸಿದಳು.